ಮುಂದೆ ಜಿಟಿ-ಆರ್, ಹಿಂದೆ ಸಂಸಾರ

ಯೊಕೊಹಾಮಾದ ದೈಕೊಕು ಪಾರ್ಕಿಂಗ್ ಏರಿಯಾಕ್ಕೆ ನಡೆದು ಹೋಗಲು ದಾರಿಯೇ ಇಲ್ಲ. ವಾಹನದಲ್ಲಿ ಬಂದವರಿಗಷ್ಟೇ ಪ್ರವೇಶ. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನಡುಗಡ್ಡೆ ಅದು. ಒಂದು ಮಗ್ಗುಲಿಗೆ 1989ರಲ್ಲಿ ತೆರೆದ ಬೇ ಬ್ರಿಜ್, ಇನ್ನೊಂದು ಮಗ್ಗುಲಿಗೆ 1994ರಲ್ಲಿ ಬಂದ ತ್ಸುರುಮಿ ತ್ಸುಬಾಸಾ ಸೇತುವೆ. ಎರಡನ್ನೂ ಪೋಣಿಸುತ್ತ ಹೋಗುವುದು ವಾಂಗನ್ ಎಂದು ಹೆಸರಾದ ಕಡಲಂಚಿನ ಎಕ್ಸ್‌ಪ್ರೆಸ್‌ವೇ. ಅದರಿಂದ ಕವಲೊಡೆದ ಇಳಿದಾರಿಗಳು ಚಕ್ಕುಲಿ ಒತ್ತಿದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡು ಕೆಳಗಿಳಿಯುತ್ತವೆ. ಆ ಸುರುಳಿಯ ನಡುವೆ ಉಳಿದ ಬಯಲೇ ಪಾರ್ಕಿಂಗ್. ಲಾರಿಯವರು ಒಂದು ಗಳಿಗೆ ಕಣ್ಣು ಮುಚ್ಚಲಿ, ದೂರ ಹೋಗುವವರು ಶೌಚಾಲಯಕ್ಕೆ ಹೋಗಿ ಒಂದು ಬಟ್ಟಲು ರಾಮೆನ್ ತಿಂದು ಮುಂದೆ ಸಾಗಲಿ ಎಂದು ಕಟ್ಟಿದ್ದು. ಭಾನುವಾರ ಬೆಳಗಾದರೆ ಅಲ್ಲಿ ನೆರೆಯುವವರು ಬೇರೆಯೇ ಜನ.

ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿದ ವ್ಯಾನುಗಳು, ಆಟಿಕೆಯಷ್ಟೇ ಕಾಣುವ ಕೇ ಟ್ರಕ್ಕುಗಳು, ಹೊಳಪು ಕೊಟ್ಟು ಕೊಟ್ಟು ಬಣ್ಣ ಸವೆದ ಹಳೆಯ ಸ್ಕೈಲೈನ್‌ಗಳು, ಮಜ್ದಾ ಆರ್‌ಎಕ್ಸ್-7ಗಳು ಸಾಲಾಗಿ ನಿಂತಿರುತ್ತವೆ. ಮಾರಾಟ ಯಂತ್ರದಿಂದ ಬಿಸಿ ಕಾಫಿ ಡಬ್ಬಿ ಎತ್ತಿಕೊಂಡವರು ಒಬ್ಬರ ಬಾನೆಟ್ ಎದುರು ಇನ್ನೊಬ್ಬರು ನಿಂತು, ಮಾತಿಗಿಂತ ತಲೆಯಾಡಿಸುವುದರಲ್ಲೇ ಹೆಚ್ಚು ಹೇಳಿ ಮುಗಿಸುತ್ತಾರೆ. ಈಚೆಗೆ ಕ್ಯಾಮೆರಾ ಹಿಡಿದ ವಿದೇಶಿಯರ ಸಂಖ್ಯೆಯೂ ಹೆಚ್ಚಿದೆ.

ಇಂಥ ಬೆಳಗಿನಲ್ಲಿ ಸುರುಳಿದಾರಿಯ ಮೇಲಿಂದ ಒಂದು ನೀಲಿ ಮೂತಿ ಇಳಿದು ಬರುತ್ತದೆ ಎನ್ನಿ. ನಿಸಾನ್ ಇಟ್ಟ ಹೆಸರು ಬೇಸೈಡ್ ಬ್ಲೂ. 1999ರಲ್ಲಿ ಬಂದ ಆರ್34 ಸ್ಕೈಲೈನ್ ಜಿಟಿ-ಆರ್ ಜೊತೆಗೆ ಲೋಕಕ್ಕೆಲ್ಲ ಪರಿಚಯವಾದ ಬಣ್ಣ. ಕೋನ ಕೋನವಾಗಿ ಕತ್ತರಿಸಿದ ಹೆಡ್‌ಲೈಟು, ಬಂಪರಿನ ನಡುವೆ ಅಗಲಕ್ಕೆ ಬಾಯಿ ತೆರೆದ ಗಾಳಿಕಂಡಿ, ಅದರ ಹಿಂದೆ ಬೆಳ್ಳಗೆ ಹೊಳೆಯುವ ಇಂಟರ್‌ಕೂಲರ್, ಚಕ್ರದ ಮೇಲೆ ಉಬ್ಬಿ ನಿಂತ ಮಡ್‌ಗಾರ್ಡು. ಫೋನುಗಳು ಮೇಲೇಳುತ್ತವೆ. ಕಾರು ತಿರುವಿನಲ್ಲಿ ಮಗ್ಗುಲು ತೋರಿಸುತ್ತದೆ. ಜಿಟಿ-ಆರ್‌ಗೆ ಎರಡೇ ಬಾಗಿಲು, ಇದಕ್ಕೆ ಮುಂದಿನ ಬಾಗಿಲಾದ ಮೇಲೆ ಹಿಂದಿನ ಬಾಗಿಲು. ಅದಾದ ಮೇಲೆ ಉದ್ದಕ್ಕೆ ಗಾಜು. ಛಾವಣಿ ಇಳಿಯುವ ಲಕ್ಷಣವೇ ಇಲ್ಲ, ಅದರ ಮೇಲೆ ಸಾಮಾನು ಕಟ್ಟುವ ಕಂಬಿ ಬೇರೆ. ಕಟ್ಟಕಡೆಗೆ ನೆಟ್ಟಗೆ ನಿಂತ ಹಿಂಬಾಗಿಲು, ಅದಕ್ಕೊಂದು ಪುಟ್ಟ ವೈಪರ್. ಯಾರೋ ಕಿಸಕ್ಕನೆ ನಗುತ್ತಾರೆ. ನಕ್ಕವರೇ ಮೊದಲು ಹತ್ತಿರ ಓಡುವುದು.

ಕಾರಿನ ನಿಜವಾದ ಹೆಸರು ನಿಸಾನ್ ಸ್ಟೇಜಿಯಾ. ಸಂಸಾರಸ್ಥರ ಸ್ಟೇಷನ್ ವ್ಯಾಗನ್.

ನಮ್ಮ ಕಡೆ ಸ್ಟೇಷನ್ ವ್ಯಾಗನ್ ಎಂದರೆ ನೆನಪಾಗುವುದು ಅಂಬಾಸಿಡರ್ ಎಸ್ಟೇಟ್, 1992ರಲ್ಲಿ ಬಂದ ಟಾಟಾ ಎಸ್ಟೇಟ್, ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾದ ಆಕ್ಟೇವಿಯಾ ಕಾಂಬಿ. ಯಾವುದೂ ನಮ್ಮ ಜನಕ್ಕೆ ಹಿಡಿಸಲಿಲ್ಲ. ಡಿಕ್ಕಿ ಬೇರೆಯಾಗಿ ಎದ್ದು ಕಂಡರೇ ಅದು ಕಾರು, ಇಲ್ಲದಿದ್ದರೆ ಸಾಮಾನು ಗಾಡಿ ಎಂಬ ಎಣಿಕೆ ನಮ್ಮದು. 1990ರ ದಶಕದ ಜಪಾನಿನಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. 1989ರಲ್ಲಿ ಬಂದ ಸುಬಾರು ಲೆಗಸಿಯ ಟೂರಿಂಗ್ ವ್ಯಾಗನ್, ಟರ್ಬೊ ಎಂಜಿನ್ನನ್ನೂ ನಾಲ್ಕು ಚಕ್ರಕ್ಕೆ ಹೋಗುವ ಶಕ್ತಿಯನ್ನೂ ಹೊತ್ತು, ವ್ಯಾಗನ್ನೇ ಷೋಕಿಯ ಗಾಡಿ ಎನ್ನಿಸಿಬಿಟ್ಟಿತು. ಹಿಮದಲ್ಲಿ ಸ್ಕೀ ಆಡಲು ಹೋಗುವವರು, ನಾಯಿ ಸಾಕಿದವರು, ಬೆಟ್ಟದ ತಪ್ಪಲಲ್ಲಿ ಡೇರೆ ಹಾಕುವವರು ಅದರ ಹಿಂದೆ ಬಿದ್ದರು. ಪೈಪೋಟಿಗೆ ಇಳಿದ ನಿಸಾನ್ 1996ರ ಅಕ್ಟೋಬರಿನಲ್ಲಿ ಸ್ಟೇಜಿಯಾ ತಂದಿತು. ಹೊಸದಾಗಿ ಅಡಿಪಾಯ ಹಾಕುವ ಗೋಜಿಗೆ ಹೋಗಲಿಲ್ಲ. ಆಗಿನ ಲಾರೆಲ್ ಮತ್ತು ಆರ್33 ಸ್ಕೈಲೈನ್ ಕಾರುಗಳ ಬುಡವನ್ನೇ ಹಿಗ್ಗಿಸಿ ಮೇಲೆ ಉದ್ದನೆಯ ಗೂಡು ಕಟ್ಟಿತು. ಎಂಜಿನ್ನೂ ಸ್ಕೈಲೈನ್‌ನ ಆರ್‌ಬಿ ವಂಶದ್ದೇ, ಸಾಲಾಗಿ ಆರು ಸಿಲಿಂಡರಿನದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ 2,720 ಮಿಲಿಮೀಟರ್, ಆರ್33 ಜಿಟಿ-ಆರ್‌ನದೂ ಅಷ್ಟೇ. ಚಕ್ರದ ಐದು ಬೋಲ್ಟುಗಳ ಅಂತರವೂ ಒಂದೇ, 114.3 ಮಿಲಿಮೀಟರ್.

ಈ ಒಂದು ಸಾಲನ್ನು ಗ್ಯಾರೇಜಿನವರು ಓದುವ ರೀತಿಯೇ ಬೇರೆ. ಜಿಟಿ-ಆರ್‌ನ ಚಕ್ರ ತೆಗೆದು ಸ್ಟೇಜಿಯಾಕ್ಕೆ ಹಾಕಿದರೆ ಕೂತುಕೊಳ್ಳುತ್ತದೆ. ಚಕ್ರ ಕೂತರೆ ಬ್ರೇಕು, ಬ್ರೇಕು ಕೂತರೆ ಸಸ್ಪೆನ್ಷನ್ನು, ಅದಾದ ಮೇಲೆ ಎಂಜಿನ್. ಬೀಗರ ಮನೆಗೆ ಒಮ್ಮೆ ಹೋಗಿ ಬರುವ ದಾರಿ ಬಿದ್ದರೆ ಆಮೇಲೆ ಹೋಗದೆ ಇರಲಾದೀತೆ?

ದಾರಿಯನ್ನು ಮೊದಲು ತುಳಿದದ್ದು ಕಂಪನಿಯ ಮನೆಯವರೇ. ಕಾನಗಾವಾ ಪ್ರಾಂತದ ಚಿಗಾಸಾಕಿಯಲ್ಲಿ ನಿಸಾನಿನ ಅಂಗಸಂಸ್ಥೆ ಆಟೆಕ್ ಇತ್ತು. ಸ್ಕೈಲೈನ್‌ನ ಪಿತಾಮಹ ಎಂದೇ ಹೆಸರಾದ ಶಿನಿಚಿರೊ ಸಕುರಾಯಿ 1986ರಲ್ಲಿ ಅದರ ಮೊದಲ ಅಧ್ಯಕ್ಷರು. ಸ್ಟೇಜಿಯಾ ಬರುವ ಹೊತ್ತಿಗೆ ಅವರು ಅಲ್ಲಿರಲಿಲ್ಲ, ಅವರು ಹಾಕಿಕೊಟ್ಟ ಗುಂಗು ಇತ್ತು. 1997ರಲ್ಲಿ ಆಟೆಕ್‌ನವರು ಸ್ಟೇಜಿಯಾದ ಬಾನೆಟ್ ಎತ್ತಿ ಜಿಟಿ-ಆರ್‌ನ ಆರ್‌ಬಿ26ಡಿಇಟಿಟಿ ಎಂಜಿನ್ ಇಳಿಸಿದರು. ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಕೊಟ್ಟರು. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಅಟೆಸಾ ಇ-ಟಿಎಸ್ ವ್ಯವಸ್ಥೆ, ಬ್ರೆಂಬೊ ಬ್ರೇಕುಗಳನ್ನು ಜೋಡಿಸಿದರು. ಉದ್ದನೆಯ ಗೂಡು ತಿರುವಿನಲ್ಲಿ ತಿರುಚಿಕೊಳ್ಳಬಾರದೆಂದು ಬಾಡಿಗೆ ಅಲ್ಲಲ್ಲಿ ಬಲ ಕೊಟ್ಟರು. ಸ್ಟೇಜಿಯಾ 260ಆರ್‌ಎಸ್ ಎಂದು ಹೆಸರಿಟ್ಟು ಅಂಗಡಿಯಲ್ಲೇ ಮಾರಿದರು. ಸಾವಿರದ ಏಳುನೂರರ ಆಚೀಚೆ ತಯಾರಾದವು.

ಹೊರಗಿನಿಂದ ನೋಡಿದರೆ 260ಆರ್‌ಎಸ್ ಬಾಯಿ ಬಿಡುವುದಿಲ್ಲ. ಬಂಪರ್ ಸ್ವಲ್ಪ ಬೇರೆ, ಚಕ್ರ ಸ್ವಲ್ಪ ದೊಡ್ಡದು. ಪಕ್ಕದ ಮನೆಯವರಿಗೆ ಅದು ಇನ್ನೊಂದು ಸ್ಟೇಜಿಯಾ, ಅಷ್ಟೆ. ಕಾಗದದಲ್ಲಿ ಶಕ್ತಿ 280 ಅಶ್ವಶಕ್ತಿ. ಅದೂ ಒಂದು ಸಭ್ಯ ಸುಳ್ಳೇ. 1989ರಿಂದ 2004ರ ತನಕ ಜಪಾನಿನ ಕಾರು ಕಂಪನಿಗಳು 280ಕ್ಕಿಂತ ಹೆಚ್ಚು ಹೇಳಿಕೊಳ್ಳಬಾರದೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹೇಳದಿದ್ದದ್ದು ಎಂಜಿನ್ನಿನೊಳಗೇ ಇರುತ್ತಿತ್ತು.

ಇಂಥ ಹುಚ್ಚು ಜಪಾನಿಗೆ ಮಾತ್ರ ಹಿಡಿದದ್ದಲ್ಲ. 1954ರಲ್ಲೇ ಅಮೆರಿಕದ ಜನರಲ್ ಮೋಟರ್ಸ್ ತನ್ನ ಮೋಟೊರಾಮಾ ಪ್ರದರ್ಶನಕ್ಕೆ ಷೆವ್ರೊಲೆಯ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮೂತಿ ಹೊತ್ತ ನೊಮ್ಯಾಡ್ ಎಂಬ ವ್ಯಾಗನ್ ತಂದು ನಿಲ್ಲಿಸಿತ್ತು. ಮರುವರ್ಷ ಆ ಛಾವಣಿಯ ಚಂದವನ್ನು ಸಾಮಾನ್ಯ ಷೆವ್ರೊಲೆಗೆ ತೊಡಿಸಿ ಮಾರಿತು. 1994ರಲ್ಲಿ ಜರ್ಮನಿಯ ಆಡಿ ತನ್ನ 80 ಅವಾಂತ್ ವ್ಯಾಗನ್ನನ್ನು ಪೋರ್ಷೆಯವರ ಕೈಗೆ ಕೊಟ್ಟಿತು. ಪೋರ್ಷೆಗೆ ಆಗ ಕೈಯಲ್ಲಿ ಕೆಲಸವೂ ಕಮ್ಮಿ, ಕಾಸೂ ಕಮ್ಮಿ. ಬ್ರೇಕು, ಚಕ್ರ, ಪಕ್ಕದ ಕನ್ನಡಿ, ಮುಂದಿನ ಇಂಡಿಕೇಟರ್ ಎಲ್ಲ ಪೋರ್ಷೆಯ ಕಪಾಟಿನಿಂದ ಬಂದವು. 2.2 ಲೀಟರಿನ ಐದು ಸಿಲಿಂಡರ್ ಎಂಜಿನ್ನಿನಿಂದ 315 ಅಶ್ವಶಕ್ತಿ ಹೊರಟಿತು. ಆರ್‌ಎಸ್2 ಎಂಬ ಆ ಕಾರಿನ ಗರಿಷ್ಠ ವೇಗ ಗಂಟೆಗೆ 262 ಕಿಲೋಮೀಟರ್. ಸ್ಟುಟ್‌ಗಾರ್ಟಿನ ಜುಫೆನ್‌ಹೌಸನ್‌ನಲ್ಲಿ ಪೋರ್ಷೆಯವರೇ ಜೋಡಿಸಿದ ಆಡಿ ಅದು. ಆದರೆ ಆಡಿಯೂ ಷೆವ್ರೊಲೆಯೂ ಹಣವಂತ ಕಂಪನಿಗಳು. ನನಗೆ ಕುತೂಹಲ ಇರುವುದು ಅದೇ ಕೆಲಸವನ್ನು ಸಂಬಳದ ದುಡ್ಡಿನಲ್ಲಿ, ಬಾಡಿಗೆ ಶೆಡ್ಡಿನಲ್ಲಿ, ರಜಾದಿನಗಳಲ್ಲಿ ಮಾಡುವವರ ಬಗ್ಗೆ.

ಶೆಡ್ಡಿನ ಒಳಗೆ ಹೋಗೋಣ. ನಾವು ಟಿಂಕರಿಂಗ್ ಎನ್ನುವುದನ್ನು ಜಪಾನಿನಲ್ಲಿ ಬಾಂಕಿನ್ ಎನ್ನುತ್ತಾರೆ. ತಗಡು ಬಡಿದು, ಬೆಸೆದು, ಉಜ್ಜಿ, ಬಣ್ಣ ಹಚ್ಚುವ ಅಂಗಡಿಗಳು ಊರ ಹೊರಗೆ ಗದ್ದೆಗಳ ನಡುವೆಯೂ ಸಿಗುತ್ತವೆ. ಜಾಕಿನ ಮೇಲೆ ನಿಂತ ಸ್ಟೇಜಿಯಾಕ್ಕೆ ಈಗ ಮುಖವಿಲ್ಲ. ಬಂಪರ್, ಗ್ರಿಲ್, ಹೆಡ್‌ಲೈಟು, ಬಾನೆಟ್, ಎರಡೂ ಮಡ್‌ಗಾರ್ಡು ಕಳಚಿ ಗೋಡೆಗೆ ಒರಗಿವೆ. ರೇಡಿಯೇಟರನ್ನು ಹಿಡಿದಿದ್ದ ಅಡ್ಡಪಟ್ಟಿ ಬೋಳಾಗಿ ಕಾಣುತ್ತದೆ. ಪಕ್ಕದಲ್ಲಿ ನೆಲದ ಮೇಲೆ ಹಳೇ ಕಂಬಳಿ ಹಾಸಿ, ಅದರ ಮೇಲೆ ಆರ್34ರ ಭಾಗಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ ಕಾರಿನ ಮೂತಿ ಚೆನ್ನಾಗಿದ್ದರೆ ಅದು ಹೀಗೆ ಎರಡನೇ ಜನ್ಮ ಎತ್ತುತ್ತದೆ. ಅಷ್ಟು ಅದೃಷ್ಟವಿಲ್ಲದವರು ಫೈಬರಿನಲ್ಲಿ ಅಚ್ಚು ಹೊಯ್ದ ಕಿಟ್ ಕೊಳ್ಳುತ್ತಾರೆ.

ಫೋಟೊ ನೋಡಿದವರಿಗೆ ಇದು ಮುಖವಾಡ ಬದಲಿಸಿದಷ್ಟೇ ಸುಲಭ ಅನ್ನಿಸಬಹುದು. ಟೇಪು ಹಿಡಿದವನಿಗೆ ಗೊತ್ತು ಕಷ್ಟ. ಸ್ಟೇಜಿಯಾದ ಅಗಲ 1,755 ಮಿಲಿಮೀಟರ್. ಆರ್34 ಜಿಟಿ-ಆರ್ ಅಗಲ 1,785. ಸಾಮಾನ್ಯ ಆರ್34 ಸ್ಕೈಲೈನ್ ಸುಮಾರು 1,720. ಅಂದರೆ ಬಡ ಸ್ಕೈಲೈನ್‌ನ ಮುಖ ತಂದರೆ ಸಾಲದು, ಸಿರಿವಂತ ಸ್ಕೈಲೈನ್‌ನ ಮುಖ ತಂದರೆ ಹೆಚ್ಚು. ಜಿಟಿ-ಆರ್ ಮಡ್‌ಗಾರ್ಡು ಹಾಕಿದರೆ ಪ್ರತಿ ಮಗ್ಗುಲಿಗೂ ಬೆರಳಗಲ ಹೊರಚಾಚುತ್ತದೆ. ಆ ಉಬ್ಬು ಮುಂದಿನ ಬಾಗಿಲಿನ ಹತ್ತಿರ ಬರುವಷ್ಟರಲ್ಲಿ ಕರಗಿ ತಗಡಿಗೆ ತಗಡು ಸೇರಬೇಕು. ಇಲ್ಲವಾದರೆ ಕಿಟಕಿಯಿಂದ ಕೈ ಇಳಿಬಿಟ್ಟ ಮಗುವಿನ ಬೆರಳು ತರಚಿಕೊಳ್ಳುವಂಥ ಮೆಟ್ಟಿಲು ಉಳಿಯುತ್ತದೆ. ಬಾನೆಟ್‌ನ ಹಿಂಬದಿಯ ಅಂಚು ಗಾಜಿನ ಬುಡಕ್ಕೆ ಸಮನಾಗಿ ಕೂರಬೇಕು. ಜಿಟಿ-ಆರ್‌ನದು ಅಲ್ಯೂಮಿನಿಯಂ ಬಾನೆಟ್, ಉಕ್ಕಿನ ಜೊತೆ ಬೆಸುಗೆಗೆ ಬಾರದ್ದು, ಕೀಲುಗಳನ್ನೇ ಹೊಸದಾಗಿ ಮಾಡಿಕೊಳ್ಳಬೇಕು. ಬಾನೆಟ್ ಮುಚ್ಚಿದಾಗ ಎಡಗಡೆಯ ಸಂದೂ ಬಲಗಡೆಯ ಸಂದೂ ಒಂದೇ ಅಗಲ ಇರಬೇಕು. ಕೆಲಸಗಾರ ಬಾನೆಟ್ ಮುಚ್ಚುತ್ತಾನೆ, ಬಗ್ಗಿ ನೋಡುತ್ತಾನೆ, ತೆರೆಯುತ್ತಾನೆ, ಒಂದು ವಾಷರ್ ತೆಗೆಯುತ್ತಾನೆ, ಮತ್ತೆ ಮುಚ್ಚುತ್ತಾನೆ. ಮಧ್ಯಾಹ್ನವೆಲ್ಲ ಇದೇ.

ಇಷ್ಟಾದರೂ ಅರ್ಧ ಕೆಲಸ. ಮುಂದೆ ಪೈಲ್ವಾನನ ಭುಜ, ಹಿಂದೆ ಸೊರಗಿದ ಸೊಂಟ ಇದ್ದರೆ ಕಾರು ಓಡುವಾಗ ನಗೆಪಾಟಲು. ಹಿಂಚಕ್ರದ ಮೇಲಿನ ಕಮಾನನ್ನೂ ಅದೇ ಪ್ರಮಾಣದಲ್ಲಿ ಉಬ್ಬಿಸಬೇಕು. ಎರಡು ಬಾಗಿಲಿನ ಕೂಪೆಯಾದರೆ ಅಲ್ಲಿರುವುದು ಒಂದೇ ತಗಡು. ವ್ಯಾಗನ್ನಿನಲ್ಲಿ ಹಿಂದಿನ ಬಾಗಿಲಿನ ಅಂಚೇ ಚಕ್ರದ ಕಮಾನಿನೊಳಕ್ಕೆ ಬಾಗಿರುತ್ತದೆ. ಉಬ್ಬು ಬಾಗಿಲಿನ ಮೇಲೆ ಶುರುವಾಗಿ ಬಾಡಿಯ ಮೇಲೆ ಮುಂದುವರಿಯಬೇಕು, ಬಾಗಿಲು ತೆರೆದಾಗ ಎರಡಾಗಿ ಬೇರೆಯಾಗಬೇಕು, ಮುಚ್ಚಿದಾಗ ಒಂದೇ ಗೆರೆಯಾಗಿ ಕಾಣಬೇಕು. ಅಸಲಿ ಕೈಚಳಕ ಇರುವುದು ಇಲ್ಲಿ. ಇಂಟರ್‌ನೆಟ್ಟಿನ ಚಿತ್ರಗಳಲ್ಲಿ ಸಾವಿರ ಜನ ಮೆಚ್ಚುವುದು ಮೂತಿಯನ್ನು. ಬಲ್ಲವರು ಮೊದಲು ಹೋಗಿ ಕೈಯಾಡಿಸುವುದು ಹಿಂದಿನ ಬಾಗಿಲಿನ ಅಂಚಿನ ಮೇಲೆ. ಪಟ್ಟಿ ಮೆತ್ತಿ ಮುಚ್ಚಿದ್ದಾರೋ, ತಗಡನ್ನೇ ಬಗ್ಗಿಸಿದ್ದಾರೋ ಎಂಬುದು ಬೆರಳಿನ ಗೆಣ್ಣಿನಿಂದ ಕುಟ್ಟಿದರೆ ಸದ್ದಿನಲ್ಲೇ ತಿಳಿಯುತ್ತದೆ.

ಬಾನೆಟ್ ಕೆಳಗಿನ ಸಂಗತಿಗೆ ಬಂದರೆ, ಆರ್‌ಬಿ26 ಎಂಜಿನ್ನಿನ ಹುಟ್ಟೇ ಒಂದು ಲೆಕ್ಕಾಚಾರ. ಅದರ ಗಾತ್ರ 2,568 ಸಿ.ಸಿ. ಈ ವಿಚಿತ್ರ ಸಂಖ್ಯೆ ಬಂದದ್ದು ಗ್ರೂಪ್ ಎ ರೇಸಿನ ನಿಯಮದಿಂದ. ಟರ್ಬೊ ಇದ್ದರೆ ಗಾತ್ರವನ್ನು 1.7ರಿಂದ ಗುಣಿಸಿ ಯಾವ ದರ್ಜೆ ಎಂದು ತೀರ್ಮಾನಿಸುತ್ತಿದ್ದರು. ಗುಣಿಸಿದರೆ ನಾಲ್ಕೂವರೆ ಲೀಟರಿನ ಗೆರೆಯೊಳಗೆ ನಿಲ್ಲುವಂತೆ ಅಳೆದು ಕಟ್ಟಿದ ಎಂಜಿನ್ ಇದು. ಈ ಎಂಜಿನ್ ಹೊತ್ತ ಆರ್32 ಜಿಟಿ-ಆರ್ 1990ರಿಂದ 1993ರ ತನಕ ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನ 29 ರೇಸುಗಳಲ್ಲಿ 29ನ್ನೂ ಗೆದ್ದಿತು. ಎದುರಾಳಿಗಳು ಬೇಸತ್ತರು. ಅಂಥ ಎಂಜಿನ್ ಈಗ ತರಕಾರಿ ಚೀಲ ಹೊರುವ ಗಾಡಿಯಲ್ಲಿ.

ಆರು ಸಿಲಿಂಡರಿಗೆ ಆರು ಥ್ರಾಟಲ್. ಒಂದೊಂದೂ ಪ್ರತ್ಯೇಕವಾಗಿ ಗಾಳಿ ಎಳೆದುಕೊಳ್ಳುವುದರಿಂದ ಪೆಡಲ್ ಮುಟ್ಟಿದ ಕೂಡಲೇ ಎಂಜಿನ್ ಓಗೊಡುತ್ತದೆ. ಜೊತೆಯಾಗಿ ಕೆಲಸ ಮಾಡುವ ಎರಡು ಪುಟ್ಟ ಟರ್ಬೊಗಳು. ಮೂಲದಲ್ಲಿ ಅವುಗಳ ಟರ್ಬೈನ್ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ಸುತ್ತುತ್ತದೆ. ಒತ್ತಡ ಏರಿಸುವ ಆಸೆಬುರುಕರ ಕೈಗೆ ಸಿಕ್ಕರೆ ಒಡೆದು ಚೂರಾಗುತ್ತದೆ. ಅದಕ್ಕೇ ಅನುಭವಿಗಳು ಮೊದಲು ಉಕ್ಕಿನ ಚಕ್ರದ ಟರ್ಬೊ ತಂದು, ಆಮೇಲೆ ಒತ್ತಡದ ಮಾತು ಎತ್ತುತ್ತಾರೆ. ಸ್ಟೇಜಿಯಾಕ್ಕೆ ಈ ಎಂಜಿನ್ ಕೂರಿಸಲು ಹೊರಡುವವರಿಗೆ ಎಣ್ಣೆ ತೊಟ್ಟಿಯೇ ಮೊದಲ ಪರೀಕ್ಷೆ. ಮುಂದಿನ ಚಕ್ರಗಳಿಗೂ ಶಕ್ತಿ ಹೋಗಬೇಕಾದ್ದರಿಂದ ಮುಂದಿನ ಡಿಫರೆನ್ಷಿಯಲ್ ಎಣ್ಣೆ ತೊಟ್ಟಿಗೇ ಅಂಟಿಕೊಂಡಿರುತ್ತದೆ, ಒಂದು ಆಕ್ಸಲ್ ತೊಟ್ಟಿಯನ್ನೇ ತೂರಿಕೊಂಡು ಆಚೆ ಬರುತ್ತದೆ. ಹಿಂಚಕ್ರ ಮಾತ್ರ ತಿರುಗುವ ಅಗ್ಗದ ಸ್ಟೇಜಿಯಾ ಕೊಂಡವನು ಇಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಆದ್ದರಿಂದ ಬುದ್ಧಿವಂತರು ಮೊದಲೇ ನಾಲ್ಕು ಚಕ್ರದ, ಟರ್ಬೊ ಇರುವ ಆರ್‌ಬಿ25 ಎಂಜಿನ್ನಿನ ಗಾಡಿ ಹುಡುಕುತ್ತಾರೆ. ಎಷ್ಟೋ ಜನ ಆ ಎಂಜಿನ್ನನ್ನೇ ಉಳಿಸಿಕೊಂಡು ಹೊರಗಿನ ಅಲಂಕಾರಕ್ಕೆ ತೃಪ್ತರಾಗುತ್ತಾರೆ. ಅದರಲ್ಲಿ ಅವಮಾನವೇನಿಲ್ಲ. 1998ರ ನಂತರದ ಆರ್‌ಬಿ25 ಟರ್ಬೊಗೂ ಕಾಗದದಲ್ಲಿ 280 ಅಶ್ವಶಕ್ತಿಯೇ ಇತ್ತು.

ಷೋಕಿ ತಲೆಗೇರಿದವರು ಡ್ಯಾಷ್‌ಬೋರ್ಡನ್ನೂ ಬಿಡುವುದಿಲ್ಲ. ಆರ್34 ಜಿಟಿ-ಆರ್‌ನ ನಡುವೆ ಪುಟ್ಟದೊಂದು ಬಣ್ಣದ ಪರದೆ ಇದೆ. ಟರ್ಬೊ ಒತ್ತಡ, ಎಣ್ಣೆಯ ಬಿಸಿ, ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನೆಲ್ಲ ತೋರಿಸುತ್ತದೆ. 1999ರಲ್ಲಿ ಅದು ಬೆರಗಿನ ವಸ್ತು. ಅದನ್ನು ಸ್ಟೇಜಿಯಾದ ಒಳಗೆ ತಂದು ಕೂರಿಸಿ ವೈರುಗಳನ್ನೆಲ್ಲ ಬೆಸೆದರೆ ಎಡಗಡೆ ಕೂತ ಹೆಂಡತಿಗೆ ಗಂಡ ಎಷ್ಟು ಪೆಡಲ್ ತುಳಿದಿದ್ದಾನೆ ಎಂಬುದು ಅಂಕಿಯಲ್ಲೇ ಕಾಣುತ್ತದೆ. ಇದು ಜಾಣತನವೋ ಅಲ್ಲವೋ ಎಂದು ಹೇಳಲಾರೆ. ಗೆಟ್ರಾಗ್ ಕಂಪನಿಯ ಆರು ಗೇರಿನ ಬಾಕ್ಸನ್ನೂ ಆರ್34ರಿಂದ ಕಿತ್ತು ತರುವವರಿದ್ದಾರೆ. ಅದಕ್ಕೆ ಪ್ರೊಪೆಲ್ಲರ್ ಷಾಫ್ಟ್ ಬದಲಿಸಬೇಕು, ದುಡ್ಡಿನ ಚೀಲದ ಬಾಯಿ ತೆರೆದೇ ಇಟ್ಟಿರಬೇಕು.

ಈಗ ಕಾರಿನ ಹಿಂದಕ್ಕೆ ಬನ್ನಿ. ನನ್ನ ತಕರಾರು, ನನ್ನ ಮೆಚ್ಚುಗೆ ಎರಡೂ ಇರುವುದು ಇಲ್ಲೇ.

ಹಿಂಬಾಗಿಲು ಮೇಲೆತ್ತಿದರೆ ಒಳಗೆ ಏನಿದೆ? ಒಂದು ಬಗೆಯ ಕಾರಿನಲ್ಲಿ ಹಿಂದಿನ ಸೀಟು ಕಿತ್ತು ಹಾಕಿ, ಕೊಳವೆಗಳ ಪಂಜರ ಬೆಸೆದು, ಎರಡು ದೊಡ್ಡ ಸ್ಪೀಕರು, ಒಂದು ಬೆಂಕಿ ಆರಿಸುವ ಸಿಲಿಂಡರ್ ಇಟ್ಟಿರುತ್ತಾರೆ. ನೋಡಲು ಗಮ್ಮತ್ತು. ಆದರೆ ಸಾಮಾನಿಗೆ ಜಾಗವಿಲ್ಲದ, ಮಕ್ಕಳು ಕೂರಲಾರದ ವ್ಯಾಗನ್ ಯಾಕೆ ಬೇಕು? ಅಷ್ಟಕ್ಕೆ ಕೂಪೆಯನ್ನೇ ಕೊಳ್ಳಬಹುದಿತ್ತಲ್ಲ, ಇನ್ನೂರು ಕಿಲೊ ಭಾರವಾದರೂ ಉಳಿಯುತ್ತಿತ್ತು. ಇನ್ನೊಂದು ಬಗೆಯ ಕಾರಿನಲ್ಲಿ ಮಗುವಿನ ಸೀಟು ಬೆಲ್ಟಿನಲ್ಲಿ ಭದ್ರವಾಗಿ ಕೂತಿರುತ್ತದೆ, ಅದರ ಬಟ್ಟೆಗೆ ಬಿಸ್ಕತ್ತಿನ ಪುಡಿ ಅಂಟಿರುತ್ತದೆ. ಹಿಂದೆ ಮಡಿಚಿದ ತಳ್ಳುಗಾಡಿ, ಮೀನು ಹಿಡಿಯುವ ಕೋಲು, ಐಸ್ ಪೆಟ್ಟಿಗೆ, ಒದ್ದೆ ಟವೆಲು. ಅದರ ಪಕ್ಕದಲ್ಲಿ ಬಟ್ಟೆಯ ಚೀಲದಲ್ಲಿ ಸುತ್ತಿದ ಟಾರ್ಕ್ ರೆಂಚು. ಮುಂದೆ ಅರೆ ಸೆಕೆಂಡಿನಲ್ಲಿ ಕೆರಳುವ ಎಂಜಿನ್, ಹಿಂದೆ ನಿದ್ದೆ ಹೋದ ಕೂಸು. ಈ ಎರಡನೆಯ ಕಾರಿನ ಮಾಲೀಕ ಮದುವೆಗೆ ಮುಂಚೆ ಎರಡು ಬಾಗಿಲಿನ ಸ್ಕೈಲೈನ್ ಓಡಿಸುತ್ತಿದ್ದವನೇ ಆಗಿರುತ್ತಾನೆ, ಹತ್ತಕ್ಕೆ ಎಂಟು ಸಲ. ಮಗು ಬಂತು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು, ಕೂಪೆ ಮಾರಲೇಬೇಕಾಯಿತು. ಮಾರಿದ ಮೇಲೂ ಬಿಡಲಾಗದ್ದನ್ನು ಹೀಗೆ ವ್ಯಾಗನ್ನಿನ ಮೂತಿಗೆ ತಂದು ಸಿಕ್ಕಿಸಿದ್ದಾನೆ. ಮನೆಯವರಿಗೂ ಮೋಸವಿಲ್ಲ, ತನಗೂ ಇಲ್ಲ. ಇಂಥ ಕಾರಿಗೆ ನಾನು ಸೋಲುತ್ತೇನೆ.

ಷೋಕಿಗೆ ಸರ್ಕಾರ ಸುಮ್ಮನಿರುವುದಿಲ್ಲ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಷಾಕೆನ್ ಎಂಬ ತಪಾಸಣೆ ಕಡ್ಡಾಯ. ನಮ್ಮ ಎಫ್‌ಸಿಯ ಅಣ್ಣ ಎನ್ನಬಹುದು, ಆದರೆ ಸ್ವಂತ ಕಾರಿನವರಿಗೂ ಬಿಡುಗಡೆಯಿಲ್ಲ. ತಪಾಸಣೆಯ ಸಾಲಿನಲ್ಲಿ ಕಾರು ಉರುಳೆಗಳ ಮೇಲೆ ನಿಲ್ಲುತ್ತದೆ. ಸ್ಪೀಡೋಮೀಟರ್ 40 ತೋರಿಸಿದಾಗ ನಿಜವಾದ ವೇಗ ಎಷ್ಟು, ಬ್ರೇಕು ನಾಲ್ಕೂ ಚಕ್ರವನ್ನು ಸಮನಾಗಿ ಹಿಡಿಯುತ್ತದೆಯೇ, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ, ಸೈಲೆನ್ಸರಿನ ಸದ್ದು ಎಷ್ಟು, ಹೊಗೆಯಲ್ಲಿ ಏನಿದೆ ಎಂದು ಒಂದೊಂದಾಗಿ ನೋಡುತ್ತಾರೆ. ಕಾರಿನ ಹೊಟ್ಟೆ ನೆಲದಿಂದ 9 ಸೆಂಟಿಮೀಟರ್ ಮೇಲಿರಲೇಬೇಕು. 1995ರಲ್ಲಿ ಸಡಿಲಿಸಿದ ನಿಯಮದ ಪ್ರಕಾರ ಸಣ್ಣಪುಟ್ಟ ಬದಲಾವಣೆಗೆ ಅನುಮತಿ ಬೇಕಿಲ್ಲ. ಉದ್ದದಲ್ಲಿ 3 ಸೆಂಟಿಮೀಟರ್, ಅಗಲದಲ್ಲಿ 2, ಎತ್ತರದಲ್ಲಿ 4 ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಜಿಟಿ-ಆರ್ ಮೂತಿ ಅಗಲವನ್ನು ಬೆಳೆಸುವುದು 3 ಸೆಂಟಿಮೀಟರ್. ಒಂದೇ ಒಂದು ಸೆಂಟಿಮೀಟರಿಗೆ ಸಿಕ್ಕಿಬಿದ್ದ ಹಾಗಾಯಿತು. ಅಂಥವರು ನಕ್ಷೆ, ಲೆಕ್ಕ, ಅರ್ಜಿ ಸಮೇತ ರಚನೆ ಬದಲಾವಣೆಯ ತಪಾಸಣೆಗೆ ಹೋಗಬೇಕು. ಪಾಸಾದರೆ ದಾಖಲೆಯಲ್ಲಿ ಮಾದರಿಯ ಸಂಖ್ಯೆಯ ಪಕ್ಕದಲ್ಲಿ ಬದಲಾಯಿಸಿದ ಗಾಡಿ ಎಂದು ಸೂಚಿಸುವ ಒಂದು ಅಕ್ಷರ ಸೇರುತ್ತದೆ. ಕಂಪನಿಯೇ ಮಾಡಿದ 260ಆರ್‌ಎಸ್ ದಾಖಲೆಯಲ್ಲೂ ಅದೇ ಅಕ್ಷರವಿದೆ. ಮಾಲೀಕರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಕದ್ದುಮುಚ್ಚಿ ಮಾಡಿದ್ದಲ್ಲ ಎಂಬುದಕ್ಕೆ ಸಾಕ್ಷಿ ಅದು.

ದೈಕೊಕುವಿನಲ್ಲಿ ಕೂಡ ಗದ್ದಲ ಮಿತಿ ಮೀರಿದರೆ ಪೊಲೀಸರ ಕಾರು ಬರುತ್ತದೆ. ಧ್ವನಿವರ್ಧಕದಲ್ಲಿ ದಯವಿಟ್ಟು ಹೊರಡಿ ಎನ್ನುತ್ತಾರೆ, ಆಮೇಲೆ ಬಾಗಿಲು ಹಾಕುತ್ತಾರೆ. ಎಲ್ಲರೂ ಮರುಮಾತಾಡದೆ ಸಾಲಾಗಿ ಹೊರಡುತ್ತಾರೆ.

ಅದೇ ನಡುಗಡ್ಡೆಯ ಇನ್ನೊಂದು ಅಂಚಿನಲ್ಲಿ ಕಾರು ಸಾಗಿಸುವ ಹಡಗುಗಳ ಬಂದರು ಇದೆ. ಇದು ಈ ಹವ್ಯಾಸದ ಮೇಲೆ ಬಿದ್ದಿರುವ ನೆರಳು. ಅಮೆರಿಕದಲ್ಲಿ 25 ವರ್ಷ ದಾಟಿದ ವಿದೇಶಿ ಕಾರನ್ನು ಸುರಕ್ಷತಾ ನಿಯಮಗಳ ತೊಡಕಿಲ್ಲದೆ ತರಿಸಿಕೊಳ್ಳಬಹುದು. ಮೊದಲ ಸ್ಟೇಜಿಯಾಗಳಿಗೆ ಆ ವಯಸ್ಸು ತುಂಬಿದ್ದು 2021ರಲ್ಲಿ, ಮೊದಲ ಆರ್34 ಜಿಟಿ-ಆರ್‌ಗಳಿಗೆ 2024ರಲ್ಲಿ. 2002ರಲ್ಲಿ ತಯಾರಿಕೆ ನಿಲ್ಲುವ ತನಕ ಆರ್34 ಜಿಟಿ-ಆರ್ ಹೊರಬಂದದ್ದೇ ಹನ್ನೊಂದು ಸಾವಿರ ಚಿಲ್ಲರೆ. ಒಳ್ಳೆಯ ಸ್ಥಿತಿಯ ಒಂದಕ್ಕೆ ಎರಡು ಕೋಟಿ ಯೆನ್ ದಾಟುವುದು ಈಗ ಅಚ್ಚರಿಯಲ್ಲ. ಒಂದು ಕಾಲದಲ್ಲಿ ಗುಜರಿಯಲ್ಲಿ ಚೌಕಾಸಿ ಮಾಡಿ ತರುತ್ತಿದ್ದ ಹೆಡ್‌ಲೈಟಿಗೂ ಬಂಗಾರದ ಬೆಲೆ. ನಿಸಾನಿನ ರೇಸಿಂಗ್ ಅಂಗ ನಿಸ್ಮೊ 2017ರಿಂದ ಹಳೆಯ ಜಿಟಿ-ಆರ್‌ಗಳಿಗೆ ಬಿಡಿಭಾಗ ಮತ್ತೆ ಮಾಡಿಸಿ ಮಾರುತ್ತಿದೆ, ಅಗ್ಗಕ್ಕಂತೂ ಅಲ್ಲ. ಗುದ್ದಿದ ಆರ್34 ಸಿಕ್ಕರೆ ಇವತ್ತು ಅದನ್ನು ಬಿಚ್ಚುವುದಿಲ್ಲ, ಎಷ್ಟೇ ಖರ್ಚಾದರೂ ಎಬ್ಬಿಸಿ ನಿಲ್ಲಿಸುತ್ತಾರೆ. ಹೀಗಾಗಿ ಅಸಲಿ ಮೂತಿಯ ಸ್ಟೇಜಿಯಾಗಳು ಇನ್ನು ಹೆಚ್ಚು ಹುಟ್ಟಲಾರವು, ಫೈಬರಿನವು ಹುಟ್ಟುತ್ತಿರುತ್ತವೆ. ಇದ್ದ ಅಸಲಿಗಳಲ್ಲೂ ಎಷ್ಟೋ ದೈಕೊಕುವಿನಂಥ ಬಂದರುಗಳಿಂದ ಹಡಗು ಹತ್ತಿ ಹೋಗಿವೆ.

ಓದಿದವರಲ್ಲಿ ಯಾರಿಗಾದರೂ ಕೈ ತುರಿಸುತ್ತಿದ್ದರೆ ಒಂದು ಮಾತು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ತರಲು ಸಾಮಾನ್ಯವಾಗಿ ಅವಕಾಶವಿಲ್ಲ, ಸ್ಟೇಜಿಯಾದ ಆಸೆ ಅಲ್ಲಿಗೆ ಬಿಡಿ. ಇಲ್ಲಿನ ಕಾರಿಗೆ ಬೇರೆ ಕಾರಿನ ಮೂತಿ, ಎಂಜಿನ್ ಜೋಡಿಸಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನೇನೋ ಸಿಕ್ಕೀತು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹೇಳಿದೆ. ಬಣ್ಣ ಬದಲಿಸಲೂ ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಬೇಕು.

ನನ್ನನ್ನು ಕೇಳಿದರೆ, ಈ ಸ್ಟೇಜಿಯಾಗಳ ಪೈಕಿ ಮೊದಲ ಸ್ಥಾನ ಬಾಯಿ ಮುಚ್ಚಿಕೊಂಡು ಓಡುವ 260ಆರ್‌ಎಸ್‌ಗೆ. ಎರಡನೆಯದು ಹಿಂದಿನ ಬಾಗಿಲನ್ನೂ ಉಬ್ಬಿಸಿ, ಮಗುವಿನ ಸೀಟನ್ನೂ ಉಳಿಸಿಕೊಂಡು, ಕಾಗದಪತ್ರ ಸರಿಯಿಟ್ಟುಕೊಂಡ ನೀಲಿ ಸ್ಟೇಜಿಯಾಕ್ಕೆ. ಬರೀ ಮೂತಿ ಬದಲಿಸಿ, ಸೊಂಟ ಹಾಗೇ ಬಿಟ್ಟು, ಹಿಂಬಾಗಿಲಿಗೆ ಜಿಟಿ-ಆರ್ ಲಾಂಛನ ಅಂಟಿಸಿದ್ದಕ್ಕೆ ಯಾವ ಸ್ಥಾನವೂ ಇಲ್ಲ.